ನೆರಳಿಲ್ಲದ ಮಚ್ಚೆ

ಎಡೆ ಇಟ್ಟು, ದೀಪದ ಬತ್ತಿಯನ್ನು ಸ್ವಲ್ಪ ಮುಂದೆ ತಳ್ಳಿ, ಎಲ್ಲರೂ ಹೊರಗೆ ಬಂದರು. ಕೊನೆಯವನಾಗಿ ಹೊಸ್ತಿಲು ದಾಟಿದ, ಸತ್ತವನ ಚಿಕ್ಕಪ್ಪ ಬೋರಯ್ಯ ಬಾಗಿಲನ್ನು ಎಳೆದುಕೊಂಡ.

"ಯಾರೂ ಇಣುಕ್ಬೇಡಿ. ಅವ್ನು ಬಂದು ಉಣ್ಲಿ," ಎಂದ.

ಅದು ಹನ್ನೊಂದನೆಯ ದಿನ. ಸತ್ತವನು ಬಂದು ತನಗಿಷ್ಟವಾದದ್ದನ್ನು ಉಂಡು ಹೋಗಲಿ ಎಂದು ಮನೆಮಂದಿಯೆಲ್ಲ ಬಾಗಿಲು ಮುಚ್ಚಿ ಹೊರಗೆ ಕಾಯುವ ಹೊತ್ತು. ತಾವರೆಕೆರೆಯ ಆ ಓಣಿಯಲ್ಲಿ ಹೊರಗೆ ಎಂದರೆ ಮೂರಡಿ ಜಗಲಿ, ಎರಡು ಮೆಟ್ಟಿಲು, ಅದರಾಚೆಗೆ ಪಿ.ಜಿ. ಹುಡುಗರ ಬೈಕುಗಳ ಸಾಲು. ಅಷ್ಟರಲ್ಲೇ ನಲವತ್ತು ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತಿದ್ದರು. ಊಟದ ಪೊಟ್ಟಣ ಹೊತ್ತ ಡೆಲಿವರಿಯವನೊಬ್ಬ "ಅಣ್ಣ, ಸೈಡು" ಎಂದು ನುಗ್ಗಿ, ಕುಂಕುಮವಿಲ್ಲದ ಹಣೆಯ ಹೆಂಗಸನ್ನು ಕಂಡು ಹಾರ್ನ್ ಮೇಲಿದ್ದ ಬೆರಳನ್ನು ತೆಗೆದು ಮೆಲ್ಲಗೆ ಸರಿದುಹೋದ.

ಆ ಹೆಂಗಸು ಹೇಮಶ್ರೀ. ಒಳಗೆ ಬಂದು ಉಣ್ಣಬೇಕಾದವನು ಅವಳ ಗಂಡ ಮಹೇಶ. ಮಡಿವಾಳ ಮಾರ್ಕೆಟ್ಟಿನ ಹಿಂದೆ ಟೈಲರ್ ಅಂಗಡಿ ಇಟ್ಟಿದ್ದವನು, ನಲವತ್ತೊಂದು ವರ್ಷ. ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದವನು ಮಿಷನ್ನಿನ ಮೇಲೆ ತಲೆಯಿಟ್ಟ, ಮತ್ತೆ ಎತ್ತಲಿಲ್ಲ. ಒಂದು ಜ್ವರ ಇಲ್ಲ, ನೆಗಡಿ ಇಲ್ಲ. ಆಸ್ಪತ್ರೆಯವರು ಹಾರ್ಟು ಎಂದರು. ಪ್ಯಾಂಟಿನವನು ಮೂರು ದಿನ ಬಿಟ್ಟು ಬಂದು, ಸಂಕೋಚಪಡುತ್ತ, ಅರ್ಧ ಹೊಲಿದದ್ದನ್ನೇ ಇಸಿದುಕೊಂಡು ಹೋದ.

ಆದರೆ ಮಹೇಶ ಟೈಲರ್ ಎಂದರೆ ಆ ಕಡೆ ಹತ್ತು ಜನಕ್ಕೂ ಗೊತ್ತಾಗುತ್ತಿರಲಿಲ್ಲ. 'ಜೂನಿಯರ್ ನಚಿಕೇತ್' ಎಂದರೆ ಬಿಟಿಎಮ್‌ನಿಂದ ಬನಶಂಕರಿಯವರೆಗೆ ಗಣಪತಿ ಕೂರಿಸುವ ಹುಡುಗರಿಗೆಲ್ಲ ಗೊತ್ತು. ಯುವಕೇಸರಿ ನಚಿಕೇತ್ ದೊಡ್ಡ ಹೀರೋ. ನಲವತ್ತು ದಾಟಿದರೂ ಯುವಕೇಸರಿಯೇ; ಬಿರುದಿಗೆ ವಯಸ್ಸಾಗುವುದಿಲ್ಲವಲ್ಲ. ಅವನು ಸಿನಿಮಾದಲ್ಲಿ ತೊಟ್ಟ ಅಂಗಿ ಶುಕ್ರವಾರ ತೆರೆಗೆ ಬಂದರೆ, ಭಾನುವಾರದ ಆರ್ಕೆಸ್ಟ್ರಾ ವೇದಿಕೆಯಲ್ಲಿ ಮಹೇಶನ ಮೈಮೇಲೆ ಇರುತ್ತಿತ್ತು. ಕಾಲರಿನ ತಿರುವಿನಿಂದ ಹಿಡಿದು ಗುಂಡಿಯ ಬಣ್ಣದವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದೇ ಗಡ್ಡ, ಅದೇ ಕಂದು ಕನ್ನಡಕ. ಇಲ್ಲದೆ ಇದ್ದದ್ದು ಒಂದೇ: ನಚಿಕೇತನ ತುಟಿಯ ಕೆಳಗೆ ಎಡಗಡೆ ಇದ್ದ ಮಚ್ಚೆ. ಅದನ್ನು ಹೇಮಶ್ರೀ ಇಡುತ್ತಿದ್ದಳು.

ಹದಿನಾಲ್ಕು ವರ್ಷ, ದಿನ ಬೆಳಗಾದರೆ ಅದೇ ಕೆಲಸ. ಸ್ನಾನ ಮಾಡಿ ಬಂದು ಮಹೇಶ ಅವಳ ಮುಂದೆ ಗದ್ದ ಎತ್ತಿ ಕೂರುವನು. ಅವಳು ಕಾಡಿಗೆಯಲ್ಲಿ ಕಿರುಬೆರಳು ಅದ್ದಿ ಒಂದು ಚುಕ್ಕೆ ಇಡುವಳು. ಮಕ್ಕಳಾಗದ ಮನೆಯಲ್ಲಿ ದೃಷ್ಟಿಬೊಟ್ಟು ಇಡಿಸಿಕೊಳ್ಳುತ್ತಿದ್ದವನು ಅವನೊಬ್ಬನೇ.

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಬೈರಮ್ಮ ಕೈ ಚಾಚಿ ಸೊಸೆಯ ಸೆರಗನ್ನು ಹುಡುಕಿ ಹಿಡಿದಳು. ಎರಡೂ ಕಣ್ಣಿಗೆ ಪೊರೆ ಬಂದು ಮುದುಕಿಗೆ ಈಗೀಗ ಬೆಳಕು ಮಾತ್ರ ಕಾಣುತ್ತಿತ್ತು.

"ಹೇಮಾ, ಫೋಟೋ ನೆಟ್ಟಗಿಟ್ಟಿದ್ದೀಯಾ?"

"ನೆಟ್ಟಗಿದೆ ಅತ್ತೆ."

"ಹೆಂಗದೆ? ಅವ್ನಂಗೇ ಅದ?"

"ಥೇಟ್ ಅವ್ರೇ ಅತ್ತೆ. ನಗ್ತಾ ಇದ್ದಾರೆ."

ಬೈರಮ್ಮ ತಲೆಯಾಡಿಸಿದಳು. ಬೆಳಿಗ್ಗೆಯಿಂದ ಅವಳು ಇದನ್ನು ಕೇಳುತ್ತಿರುವುದು ಇದು ಮೂರನೆಯ ಸಲ.

ಆ ಫೋಟೋಕ್ಕಾಗಿ ಹೇಮಶ್ರೀ ಎರಡು ದಿನ ಅವನ ಫೋನು ತಡಕಾಡಿದ್ದಳು. ಫೋಟೋಗಳಿಗೇನು ಬರವೇ? ಸಾವಿರಗಟ್ಟಲೆ. ಆದರೆ ಒಂದರಲ್ಲಿ ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಬಾಯಿ ತೆರೆದು ಡೈಲಾಗು, ಮತ್ತೊಂದರಲ್ಲಿ ವೇದಿಕೆಯ ಹಸಿರು ಲೈಟು ಬಿದ್ದು ಹಾವು ಕಚ್ಚಿದವನ ಮುಖ. ಎಡೆಗೆ ಇಡುವ ಫೋಟೋ ಹಾಗಿದ್ದರೆ ಆಗುತ್ತದೆಯೇ? ಕೊನೆಗೆ ಒಂದು ಸಿಕ್ಕಿತು. ಅವನೇ ಹೊಲಿದುಕೊಂಡ ಮೆರೂನು ಅಂಗಿ. ಕಂದು ಕನ್ನಡಕ. ತುಟಿ ಬಿಚ್ಚದ ಸಣ್ಣ ನಗು. ಗದ್ದದ ಮೇಲೆ ಅವಳೇ ಇಟ್ಟ ಚುಕ್ಕೆ. ಇಷ್ಟು ಚೆನ್ನಾಗಿ ಯಾವತ್ತು ನಕ್ಕಿದ್ದರು ಇವರು, ನನ್ನ ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ಅವಳಿಗೆ ಅಳು ಬಂದಿತ್ತು.

ಜಯನಗರ ಒಂಬತ್ತನೇ ಬ್ಲಾಕಿನ ಗುರುಬಸಪ್ಪನವರ ಸ್ಟುಡಿಯೋಗೆ ಅದನ್ನು ಒಯ್ದಳು. ಅವರು ಕಂಪ್ಯೂಟರಿನಲ್ಲಿ ಫೋಟೋ ದೊಡ್ಡದು ಮಾಡಿ, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದ್ದರು. "ಇದೇನಾ ತಾಯಿ? ಬೇರೆ ಯಾವ್ದೂ ಇಲ್ವಾ?" ಎಂದು ಎರಡು ಸಲ ಕೇಳಿದ್ದರು. ಅವಳು ಪರದೆಯ ಮೇಲಿನ ಕೆನ್ನೆಯನ್ನು ಬೆರಳಿನಿಂದ ಸವರುತ್ತ, "ಇದೇ ಸಾರ್, ಇದಕ್ಕಿಂತ ಒಳ್ಳೇದು ಇಲ್ಲ" ಎಂದಿದ್ದಳು. ಅವರು ಕನ್ನಡಕ ಕೆಳಗಿಳಿಸಿ ಪ್ರಿಂಟು ತೆಗೆದರು.

ಈಗ ಜಗಲಿಯ ಮೂಲೆಯಲ್ಲಿ ಒಂದು ಫೋನು ಬಡಿದುಕೊಳ್ಳತೊಡಗಿತು. ಅದು ಸೀನುವಿನದು. ಆರ್ಕೆಸ್ಟ್ರಾದ ಕೀಬೋರ್ಡ್ ನುಡಿಸುವವನು, ಮಹೇಶನ ಕುಚಿಕು. ಎಡೆ ಇಡುವಾಗ ದೀಪ, ಹಾರ, ಫೋಟೋ ಎಲ್ಲ ಬರುವಂತೆ ಒಂದು ಚಿತ್ರ ತೆಗೆದು, 'ಮಿಸ್ ಯೂ ಮಗಾ' ಎಂದು ಬರೆದು ಅವನು ಸ್ಟೇಟಸ್ಸಿಗೆ ಹಾಕಿದ್ದ. ಸಾವಿನ ಮನೆಯಲ್ಲಿ ಕೈ ಸುಮ್ಮನಿರಲಾರದು, ಫೋನಿದ್ದವರದ್ದಂತೂ ಇರುವುದೇ ಇಲ್ಲ.

ಸೀನು ಫೋನೆತ್ತಿದ. ಆ ಕಡೆಯ ಕೂಗು ಜಗಲಿಗೆಲ್ಲ ಕೇಳಿಸಿತು.

"ಲೋ, ತಲೆ ನೆಟ್ಟಗಿದ್ಯೇನೋ ನಿಂಗೆ? ನಮ್ಮಣ್ಣನ ಫೋಟೋಗೆ ಹಾರ ಹಾಕಿ ದೀಪ ಹಚ್ಚಿದ್ದೀರಲ್ಲೋ! ಅಣ್ಣ ಶೂಟಿಂಗಲ್ಲಿದ್ದಾರೆ, ಕಲ್ಲುಗುಂಡಿನಂಗಿದ್ದಾರೆ! ಈಗ್ಲೇ ಡಿಲೀಟ್ ಮಾಡು!"

ನಚಿಕೇತನ ಅಭಿಮಾನಿ ಸಂಘದ ಏರಿಯಾ ಅಧ್ಯಕ್ಷ ರಘು. ಸೀನು ಬಾಯಿಗೆ ಕೈ ಅಡ್ಡ ಹಿಡಿದು, "ಗುರು, ಮೆತ್ತಗೆ ಮಾತಾಡು. ಅದು ಅಣ್ಣ ಅಲ್ಲ, ನಮ್ ಮಹೇಶ. ಇವತ್ತು ಅವನ ತಿಥಿ" ಎಂದ.

"ಮಹೇಶ ಅಲ್ಲ, ಮಣ್ಣಾಂಗಟ್ಟಿ ಅಲ್ಲ. ಹೋದ್ವರ್ಷ ಬರ್ತ್‌ಡೇಗೆ ಅಣ್ಣ ಬಿಟ್ಟಿದ್ದು ಕಣೋ ಅದು. ಕ್ಯಾಲೆಂಡರ್ ಹೊಡ್ಸಿದ್ದೇ ನಾನು. ಕಳಿಸ್ತೀನಿ, ನೋಡು."

ಹೇಮಶ್ರೀಗೆ ಮೈಯೆಲ್ಲ ಉರಿಯಿತು. ಸೀನುವಿನ ಹತ್ತಿರ ಹೋಗಿ, "ಕೊಡಿಲ್ಲಿ ಫೋನು. ನನ್ ಗಂಡನ ಮುಖ ನಂಗೊತ್ತಿಲ್ವಾ? ಇವನ್ಯಾರು ಹೇಳಕ್ಕೆ?" ಎಂದಳು. ಅಷ್ಟರಲ್ಲಿ ಕ್ಯಾಲೆಂಡರಿನ ಚಿತ್ರ ಬಂದಿತ್ತು. ಮಾರ್ಚ್ ತಿಂಗಳ ಹಾಳೆ. ಮೇಲೆ ಯುವಕೇಸರಿ, ಕೆಳಗೆ ವೃತ್ತದೊಳಗೊಂದು ರಘುವಿನ ಮುಖ, ಅದರ ಕೆಳಗೆ ತಿಂಗಳ ದಿನಗಳು. ಮೆರೂನು ಅಂಗಿ. ಕಂದು ಕನ್ನಡಕ. ಎಡಕ್ಕೆ ವಾಲಿದ ಅದೇ ತಲೆ, ಹಿಂದಿನ ಕಂಬಿಯ ಮೇಲೆ ಅದೇ ಬೆಳಕು, ತುಟಿ ಬಿಚ್ಚದ ಅದೇ ನಗು.

ಹೇಮಶ್ರೀ ಅದನ್ನು ಒಂದು ಸಲ ನೋಡಿದಳು. ಮತ್ತೆ ನೋಡಿದಳು. ಎರಡು ಬೆರಳಿಂದ ಹಿಗ್ಗಿಸಿ ಗದ್ದ ನೋಡಿದಳು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ವೇಷ ಹಾಕುವ ಮುಂಚೆ ಮಹೇಶ ಫೋನನ್ನು ಕನ್ನಡಿಗೆ ಒರಗಿಸಿ ನಚಿಕೇತನ ಫೋಟೋ ನೋಡಿ ನೋಡಿ ಕೂದಲು ತಿದ್ದಿಕೊಳ್ಳುತ್ತಿದ್ದದ್ದು ನೆನಪಾಯಿತು. ಅವನ ಫೋನಿನಲ್ಲಿ ಅವರಿಬ್ಬರೂ ಒಟ್ಟಿಗೇ ಇದ್ದರು. ಅವಳು ಆರಿಸಿ ತಂದದ್ದು ಇನ್ನೊಬ್ಬನನ್ನು.

ಫೋನಿನ ಆ ಕಡೆ ರಘುವಿಗೂ ವಿಷಯ ಹೊಳೆದಿರಬೇಕು. ದನಿ ತಟ್ಟನೆ ಇಳಿಯಿತು. "ಅಯ್ಯೋ... ಯಾರು, ಜೂನಿಯರ್ ಮನೇನಾ? ಮನೆಯೋರಿಗೇ ಗೊತ್ತಾಗ್ಲಿಲ್ವಾ? ಅಷ್ಟು ಹಂಗೇ ಇದ್ನಾ ಗುರು ಅವ್ನು?"

ಸೀನುವಿನ ಕಣ್ಣು ತುಂಬಿತು. "ಅತ್ತಿಗೆ," ಎಂದ, "ಈ ಮಾತು ಕೇಳಿದ್ರೆ ಮಗ ಕುಣಿದಾಡ್ಬಿಡ್ತಿದ್ದ."

ಪಾಪ, ಅವನು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಹೇಮಶ್ರೀಗೆ ಅವನ ಕೆನ್ನೆಗೊಂದು ಬಾರಿಸಬೇಕೆನ್ನಿಸಿತು. ಮರುಗಳಿಗೆ, ಬಾರಿಸಬೇಕಾದ್ದು ಯಾರ ಕೆನ್ನೆಗೆ ಎಂದು ಅವಳಿಗೇ ಗೊತ್ತಾಯಿತು. ಹದಿನಾಲ್ಕು ವರ್ಷ ಒಂದೇ ಚಾಪೆ. ಊರವರು ತಪ್ಪಬಹುದು, ಸೀನು ತಪ್ಪಬಹುದು, ಪೊರೆಗಣ್ಣಿನ ಮುದುಕಿ ತಪ್ಪಬಹುದು. ಹೆಂಡತಿ ತಪ್ಪುತ್ತಾಳೆಯೇ?

ಅವಳು ಮುಚ್ಚಿದ ಬಾಗಿಲನ್ನು ನೋಡಿದಳು. ಒಳಗೆ ಬಾಳೆಲೆಯ ಮೇಲೆ ಮುದ್ದೆ, ಬೋಟಿ ಗೊಜ್ಜು, ಎರಡು ಒಬ್ಬಟ್ಟು, ಪಕ್ಕದಲ್ಲಿ ಕಡಲೆಬೀಜದ ಚಿಕ್ಕಿ, ಸುತ್ತಿಟ್ಟ ಅಳತೆ ಟೇಪು. ಅವನು ನಿಜವಾಗಿ ಬಂದಿದ್ದರೆ? ಬಂದು, ತನ್ನ ಎಡೆಯ ಮುಂದೆ ನಚಿಕೇತ ಹಾರ ಹಾಕಿಸಿಕೊಂಡು ಕೂತಿದ್ದನ್ನು ನೋಡಿದ್ದರೆ? ಅವನಿಗೆ ಕೋಪ ಬರುವುದಿಲ್ಲ. ಅವನಿಗೆ ಯಾವತ್ತೂ ಬರಲಿಲ್ಲ. ಇಲ್ಲೂ ಇವರೇ ಇದ್ದಾರಲ್ಲ ಎಂದುಕೊಂಡು, ಚಪ್ಪಲಿ ಮೆಟ್ಟಿ ವಾಪಸು ಹೋಗಿರುತ್ತಾನೆ.

"ಸಾಕು, ತಗೀರಿ. ಬಿಸಿಲು ಏರ್ತಾ ಅದೆ," ಎಂದ ಬೋರಯ್ಯ. ಮೂರು ಸಲ ಕೆಮ್ಮಿ, ಬಾಗಿಲು ತಟ್ಟಿ, ತಳ್ಳಿದ.

ಎಲ್ಲರಿಗಿಂತ ಮುಂಚೆ ಹೇಮಶ್ರೀ ಒಳಗೆ ಹೋದಳು. ಹಾರ ತೆಗೆದಳು. ಫೋಟೋವನ್ನು ಎತ್ತಿ ಗೋಡೆಗೆ ಮುಖ ಮಾಡಿ ಇಟ್ಟಳು. ಜನ ಪಿಸುಗುಟ್ಟಿದರು. ಸೀನು ಬೋರಯ್ಯನ ಕಿವಿಯಲ್ಲಿ ಹೇಳಿದ. ಬೋರಯ್ಯ ಮನೆ ಹಿರಿಯರು ಮಾಡುವುದನ್ನೇ ಮಾಡಿದ. "ಆಗಿದ್ದು ಆಯ್ತು. ಎಲೆ ಹಾಕ್ರಪ್ಪ, ಜನ ಹಸ್ದವ್ರೆ" ಎಂದ.

ಉಂಡ ಜನ ಕೈ ತೊಳೆದು ಒಬ್ಬೊಬ್ಬರೇ ಕರಗಿದರು. ಹೇಮಶ್ರೀ ಅನ್ನ ಮುಟ್ಟಲಿಲ್ಲ. ಮೂರು ಗಂಟೆಗೆ ಆ ಚೌಕಟ್ಟನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋ ಹಿಡಿದು ಜಯನಗರಕ್ಕೆ ಹೋದಳು.

ಗುರುಬಸಪ್ಪನವರು ಒಬ್ಬ ಕಾಲೇಜು ಹುಡುಗಿಯ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದರು. ಬೆಡ್‌ಶೀಟಿನ ಗಂಟನ್ನು ನೋಡಿ ಅವರ ಕತ್ತರಿ ನಿಂತಿತು. ಹುಡುಗಿಯನ್ನು ಕಳಿಸಿ, ಸ್ಟೂಲು ಎಳೆದು, "ಕೂತ್ಕೊಳ್ಳಿ ತಾಯಿ" ಎಂದರು.

"ನಿಮ್ಗೆ ಗೊತ್ತಿತ್ತಾ ಸಾರ್?"

ಅವರು ಕಂಪ್ಯೂಟರಿನಲ್ಲಿ ಆ ಫೋಟೋ ತೆರೆದು ಗದ್ದವನ್ನು ಅಂಗೈ ಅಗಲ ಮಾಡಿದರು. ಮಚ್ಚೆ ಒಂದು ಕಡಲೆಕಾಳಿನಷ್ಟಾಯಿತು. ಅದರ ಕೆಳಗೆ, ಬಲಗಡೆ, ಸಣ್ಣದೊಂದು ಕಪ್ಪು ಗೆರೆ.

"ನೋಡಿ. ನಿಜವಾದ ಮಚ್ಚೆ ಚರ್ಮದಿಂದ ಉಬ್ಬಿರತ್ತೆ. ಲೈಟ್ ಬಿದ್ರೆ ಅದಕ್ಕೊಂದು ನೆರಳು ಬರತ್ತೆ. ಕಾಡಿಗೆ ಮಚ್ಚೆಗೆ ನೆರಳಿರಲ್ಲ. ನಲವತ್ತು ವರ್ಷ ಮುಖ ತಿದ್ದಿರೋ ಕಣ್ಣಮ್ಮ ಇದು, ನೋಡಿದ್ ತಕ್ಷಣ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಸ್ಕ್ರೀನ್ ಮೇಲೆ ಕೆನ್ನೆ ಸವರ್ತಾ ಇದ್ರಿ. ಇವ್ರು ನಿಮ್ ಯಜಮಾನ್ರಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನಂದೇ ತಪ್ಪು. ಹೇಳ್ಬೇಕಿತ್ತು." ಮುದುಕ ಕನ್ನಡಕ ತೆಗೆದು ಒರೆಸಿಕೊಂಡರು. "ನಂದು ಇದೊಂದೇ ತಪ್ಪಲ್ಲ."

ಒಳಗೆ ಹೋಗಿ ಒಂದು ಹಳೆಯ ಹಾರ್ಡ್ ಡಿಸ್ಕ್ ತಂದರು. ಅದು ಗೊರಗೊರ ಸದ್ದು ಮಾಡುತ್ತ ಎಚ್ಚರಾಯಿತು. 'ಮಹೇಶ್ ಟೈಲರ್ ಮದುವೆ' ಎಂದು ಹೆಸರಿಟ್ಟ ಕಡತದಲ್ಲಿ ಎರಡೇ ಫೋಟೋ. ಮೊದಲನೆಯದು ಹೇಮಶ್ರೀಗೆ ಗೊತ್ತಿದ್ದದ್ದೇ. ಅಂಜನಾಪುರದ ಅವಳ ತವರಿಗೆ ಹೆಣ್ಣು ಕೇಳಿಕೊಂಡು ಬಂದ ದಲ್ಲಾಳಿ ಲಕೋಟೆಯಿಂದ ತೆಗೆದು ತೋರಿಸಿದ ಫೋಟೋ. ಆಗ ಅವಳಿಗೆ ಇಪ್ಪತ್ತೆರಡು, ಟ್ರಂಕಿನ ಮುಚ್ಚಳದ ಒಳಗೆಲ್ಲ ನಚಿಕೇತನ ಚಿತ್ರ ಅಂಟಿಸಿಕೊಂಡಿದ್ದವಳು. ಫೋಟೋ ಕಂಡು, "ಅವ್ವ, ಮಚ್ಚೆನೂ ಅದೇ ಜಾಗದಲ್ಲಿದೆ!" ಎಂದು ಕುಣಿದಿದ್ದಳು. ಮದುವೆಯಾದ ರಾತ್ರಿ, ಅವನು ಕಾಡಿಗೆಯಲ್ಲಿ ಇಟ್ಟುಕೊಂಡು ಬಂದಿದ್ದ ಆ ಮಚ್ಚೆ ಬೆವರಿಗೆ ಅಳಿಸಿ ತಲೆದಿಂಬಿಗೆ ಮೆತ್ತಿಕೊಂಡಾಗ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವನು ಕಳ್ಳ ಸಿಕ್ಕಿಬಿದ್ದಂತೆ ತಲೆ ತಗ್ಗಿಸಿದ್ದ. ಬೆಳಿಗ್ಗೆ ಅವಳೇ ಕಾಡಿಗೆ ತಂದು, "ಇರ್ಲಿ ಬಿಡ್ರಿ, ಚೆನ್ನಾಗ್ ಕಾಣತ್ತೆ" ಎಂದು ಮತ್ತೆ ಇಟ್ಟಿದ್ದಳು. ಅಂದಿನಿಂದ ಶುರುವಾದದ್ದು.

"ಆ ಫೋಟೋದ ಮಚ್ಚೆ ನಾನು ಹಾಕಿದ್ದು, ಗಡ್ಡ ಕೂದಲು ತಿದ್ದಿದ್ದೂ ನಾನೇ," ಎಂದರು ಗುರುಬಸಪ್ಪ. "ಇದೇ ಸ್ಟೂಲ್ ಮೇಲೆ ಕೂತ್ಕೊಂಡು, ಸಾರ್, ಒಂದ್ ಮಚ್ಚೆ ಹಾಕ್ಕೊಡಿ, ಹುಡುಗಿಗೆ ನಚಿಕೇತ್ ಅಂದ್ರೆ ಪ್ರಾಣ ಅಂತೆ ಅಂದ. ನಾನು ಬೈದೆ. ಲೋ, ನಿನ್ ಮುಖ ನೋಡಿ ಒಪ್ಬೇಕೋ ಬೇಡ್ವೋ ಅಂದೆ. ಅದಕ್ಕವ್ನು, ಮೊದ್ಲು ಒಪ್ಲಿ ಸಾರ್, ಆಮೇಲೆ ನನ್ ಮುಖಾನೂ ಅಭ್ಯಾಸ ಆಗತ್ತೆ ಅಂದ."

ಹೇಮಶ್ರೀ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಭ್ಯಾಸ ಆಗಲು ಅವಳು ಒಂದು ದಿನವಾದರೂ ಬಿಟ್ಟಿದ್ದರೆ ತಾನೆ? ಒಮ್ಮೆ, ಐದಾರು ವರ್ಷದ ಹಿಂದೆ, ಗದ್ದ ಎತ್ತಿ ಕೂತವನು, "ಹೇಮಾ, ಇವತ್ತೊಂದಿನ ಬೇಡ್ವೇನೋ" ಎಂದಿದ್ದ. "ಬೋಳುಬೋಳಾಗಿ ಕಾಣತ್ತೆ ರೀ" ಎಂದು ಅವಳು ಇಟ್ಟೇ ಕಳಿಸಿದ್ದಳು. ಅವನು ಮತ್ತೆ ಕೇಳಲಿಲ್ಲ.

ಗುರುಬಸಪ್ಪನವರು ಎರಡನೆಯ ಫೋಟೋ ತೆರೆದರು. ತಿದ್ದುವ ಮುಂಚಿನದು.

ಎಣ್ಣೆ ಹಾಕಿ ಬಾಚಿದ ಕೂದಲು. ಸ್ವಲ್ಪ ಹೊರಕ್ಕೆ ನಿಂತ ಕಿವಿಗಳು. ಗಡ್ಡವಿಲ್ಲದ ತೆಳ್ಳನೆಯ ಗದ್ದ, ಅದರ ಮೇಲೆ ಏನೂ ಇಲ್ಲ. ಕ್ಯಾಮೆರಾವನ್ನು ನೋಡದೆ ಅದರ ಪಕ್ಕಕ್ಕೆ, ಸರಿಯಾಗಿ ಕೂತಿದ್ದೇನೆಯೇ ಎಂದು ಯಾರನ್ನೋ ಕೇಳುವಂತೆ ನೋಡುತ್ತಿದ್ದ ಕಣ್ಣು. ಹೇಮಶ್ರೀ ನೋಡಿದಳು, ನೋಡಿಯೇ ನೋಡಿದಳು. ಅವಳಿಗೆ ಗುರುತು ಸಿಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ ಜರುಗಿ ಕೂರಬಹುದಾದ ಯಾರೋ ಒಬ್ಬ ಹುಡುಗ. ಇಷ್ಟು ದುಃಖವನ್ನು ಅವಳು ಸಾವಿನ ದಿನವೂ ಪಟ್ಟಿರಲಿಲ್ಲ.

ಆಮೇಲೆ ಅವಳ ಕಣ್ಣು ಭುಜಕ್ಕೆ ಇಳಿಯಿತು. ಬಲಭುಜ ಎಡದ್ದಕ್ಕಿಂತ ಒಂದು ಬೆರಳು ತಗ್ಗು. ಚಿಕ್ಕಂದಿನಿಂದ ಮಿಷನ್ನಿಗೆ ಬಾಗಿ ಬಾಗಿ ಇಳಿದುಹೋದ ಭುಜ. ಯಾವ ಅಂಗಿ ಹೊಲಿದುಕೊಂಡರೂ ಆ ಕಡೆಗೊಂದು ಪಟ್ಟಿ ಬಟ್ಟೆ ಒಳಗಿಟ್ಟು ಎತ್ತರಿಸಿಕೊಳ್ಳುತ್ತಿದ್ದ. ರಾತ್ರಿ ಅಂಗಿ ಕಳಚಿದಾಗ ಅದು ಮತ್ತೆ ತಗ್ಗುತ್ತಿತ್ತು. ಅದನ್ನು ಕಂಡವಳು ಲೋಕದಲ್ಲಿ ಅವಳೊಬ್ಬಳೇ.

"ಇದನ್ನೇ ಹಾಕ್ಕೊಡಿ ಸಾರ್," ಎಂದಳು. "ಏನೂ ತಿದ್ದಬೇಡಿ."

ಅವರು ಪ್ರಿಂಟು ತೆಗೆದು, ಅದೇ ಚೌಕಟ್ಟಿಗೆ ಕೂರಿಸಿದರು. ಹೊರಬಿದ್ದ ನಚಿಕೇತನನ್ನು ಹಿಡಿದು, "ಇದು?" ಎಂದರು.

"ನಿಮ್ಮತ್ರನೇ ಇಟ್ಕೊಳ್ಳಿ. ಬದುಕಿರೋರ್ದು, ಎಸೀಬಾರದು."

ಮನೆಗೆ ಬಂದಾಗ ಇಳಿಹೊತ್ತು. ಬೋರಯ್ಯ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಹೇಮಶ್ರೀ ಅತ್ತೆಯ ಕಾಲ ಬುಡದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಬೈದರೆ ಬೈಯಲಿ ಎಂದುಕೊಂಡೇ ಹೇಳಿದಳು. ಬೈರಮ್ಮ ಬೈಯಲಿಲ್ಲ.

"ಹಂಗಾರೆ ನನ್ ಮಗ ಉಂಡಿಲ್ಲ," ಎಂದಳು.

"ಅತ್ತೆ..."

"ಏಳು. ಇನ್ನೊಂದ್ ಎಲೆ ಹಾಸು."

"ಅತ್ತಿಗೆ, ಎರಡ್ ಸಲ ಎಡೆ ಇಡೋ ಪದ್ಧತಿ ಇಲ್ಲ," ಎಂದ ಬೋರಯ್ಯ.

"ಹೆತ್ತೋಳಿಗೆ ಪದ್ಧತಿ ಹೇಳ್ಬೇಡ ಬೋರ. ಮಗ ಹಸ್ಕೊಂಡು ಹೋಗವ್ನೆ."

ಹೇಮಶ್ರೀ ಒಲೆ ಹಚ್ಚಿ ಒಂದು ಮುದ್ದೆಯಷ್ಟು ಹಿಟ್ಟು ತೊಳಸಿದಳು. ಗೊಜ್ಜು ಬಿಸಿ ಮಾಡಿದಳು. ಹೊಸ ಫೋಟೋವನ್ನು ಗೋಡೆಗೆ ಒರಗಿಸಿ, ಹಾರ ಹಾಕಿ, ದೀಪ ಹಚ್ಚಿ, ಹಣೆಗೆ ಇಡಲೆಂದು ಕುಂಕುಮದಲ್ಲಿ ಬೆರಳು ಅದ್ದಿದಳು. ಬೆರಳು ಹಣೆಗೆ ಹೋಗಲಿಲ್ಲ. ಹದಿನಾಲ್ಕು ವರ್ಷದ ಅಭ್ಯಾಸ. ನೇರವಾಗಿ ಗದ್ದಕ್ಕೆ ಹೋಯಿತು. ಗಾಜಿಗೆ ಇನ್ನೇನು ತಾಕಬೇಕು, ಅಲ್ಲೇ ನಿಂತಿತು. ಆ ಹುಡುಗ ಅವಳ ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದ.

ಅವಳು ಕೈ ಮೇಲೆತ್ತಿ ಹಣೆಗೆ ಕುಂಕುಮ ಇಟ್ಟಳು. ಹೊರಗೆ ಬಂದು ಬಾಗಿಲು ಎಳೆದುಕೊಂಡು, ಅತ್ತೆಯ ಪಕ್ಕ ಮೆಟ್ಟಿಲ ಮೇಲೆ ಕೂತಳು. ಪಿ.ಜಿ. ಹುಡುಗರು ಕೆಲಸದಿಂದ ಬಂದು ಬೈಕು ನಿಲ್ಲಿಸುತ್ತಿದ್ದರು. ಓಣಿಯ ದೀಪ ಹತ್ತಿತು.

ಸ್ವಲ್ಪ ಹೊತ್ತಾದ ಮೇಲೆ ಬೋರಯ್ಯ ಎದ್ದು ಪಂಚೆ ಕೊಡವಿದ. "ಸಾಕಲ್ವಾ ಹೇಮಾ? ಬಾಗ್ಲು ತಗೀಲಾ?"

"ಇನ್ನೊಂಚೂರು ಇರ್ಲಿ ಮಾವ," ಎಂದಳು ಹೇಮಶ್ರೀ. "ಅವ್ರು ನಿಧಾನಕ್ಕೆ ಉಣ್ತಾರೆ."